ಒಂದು ಕುಲಾವಿಗಾಗಿ ನಾಲ್ಕು ದಾರಗಳ ಹೋಲಿಕೆ: ದೊಡ್ಡವ್ವನ ಟ್ರಂಕಿನವು, ಪೇಟೆಯವು

ದೊಡ್ಡವ್ವ ತೀರಿಕೊಂಡ ಮೇಲೆ ಅವರ ತಗಡಿನ ಟ್ರಂಕು ಕಲಬುರಗಿಯ ನಮ್ಮ ಮನೆಯ ಅಟ್ಟ ಸೇರಿ 11 ವರ್ಷಗಳಾಗಿದ್ದವು. ತಂಗಿಯ ಮಗಳ ಕೂಸಿಗೆ ಕಸೂತಿಯ ಕುಲಾವಿ ಹೊಲಿಯಬೇಕೆಂದು ದಾರ ಹುಡುಕತೊಡಗಿದಾಗ ಅದರ ನೆನಪಾಗಿ ಕೆಳಗಿಳಿಸಿದೆ. ಒಳಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ 60ರಷ್ಟು ದಾರದ ಲಡಿಗಳು, ಸೂಜಿಯ ಪೊಟ್ಟಣಗಳು, ಕಟ್ಟಿಗೆಯ ಎರಡು ರಿಂಗುಗಳು ಮತ್ತು ದೊಡ್ಡವ್ವನ ಬೆರಳಿನ ಅಳತೆಗೇ ಸವೆದಂತಿದ್ದ ಹಿತ್ತಾಳೆಯ ಅಂಗುಸ್ತಾನ ಇದ್ದವು. ಲಡಿಗಳಲ್ಲಿ ಹೆಚ್ಚಿನವುಗಳ ಮೇಲೆ ಆಂಕರ್ ಕಂಪನಿಯ ಚೀಟಿಯೂ ಬಣ್ಣದ ಸಂಖ್ಯೆಯೂ ಹಾಗೇ ಉಳಿದಿದ್ದವು. 15ರಷ್ಟು ಲಡಿಗಳ ಚೀಟಿ ಕಳಚಿಹೋಗಿ ಅವು ಯಾವ ತಯಾರಿಕೆಯವೆಂದು ತಿಳಿಯುವಂತಿರಲಿಲ್ಲ.

ಕುಲಾವಿ ಎಂದರೆ ಎರಡು ದಿನಕ್ಕೊಮ್ಮೆ ಒಗೆತಕ್ಕೆ ಬೀಳುವ ಬಟ್ಟೆ. ಗಾಜಿನ ಚೌಕಟ್ಟಿನಲ್ಲಿ ವರ್ಷಗಟ್ಟಲೆ ಅಡಗಿಕೊಳ್ಳುವ ದಾರದ ದೋಷ ಇಲ್ಲಿ ಮೊದಲ ವಾರವೇ ಬಯಲಾಗುತ್ತದೆ. ಆದಕಾರಣ ಹಳೆಯದರ ಮೇಲಿನ ಮಮತೆಯನ್ನು ತುಸು ಬದಿಗಿಟ್ಟು, ಚೀಟಿಯುಳ್ಳ ಹಳೆಯ ಹತ್ತಿದಾರ, ಚೀಟಿಯಿಲ್ಲದ ಹಳೆಯ ದಾರ, ಸೂಪರ್ ಮಾರ್ಕೆಟ್‌ನಿಂದ ತಂದ ಹೊಸ ಹತ್ತಿದಾರ ಮತ್ತು ಪೇಟೆಯಲ್ಲಿ 'ರೇಷ್ಮೆ'ಯೆಂದೇ ಮಾರುವ ಹೊಳಪಿನ ದಾರ, ಈ ನಾಲ್ಕರಿಂದಲೂ ಎಳೆ ಎಣಿಸಿ ಹೊಲಿಯಬಹುದಾದ ಬಿಳಿ ಮ್ಯಾಟಿ ಬಟ್ಟೆಯ ತುಂಡುಗಳ ಮೇಲೆ ಒಂದೇ ಅಳತೆಯ ಗೋಪುರದ ಚಿತ್ತಾರವನ್ನು ಗಾವಂತಿಯೆಂಬ ಕಸೂತಿ ಹೊಲಿಗೆಯಲ್ಲಿ ಹಾಕಿದೆ. ಗಾವಂತಿಯಲ್ಲಿ ಗಂಟು ಹಾಕುವಂತಿಲ್ಲ. ಒಂದು ಎಳೆ ಬಿಟ್ಟು ಒಂದು ಎಳೆ ಎತ್ತುತ್ತ ಹೋದ ಸೂಜಿ ಅದೇ ದಾರಿಯಲ್ಲಿ ತಿರುಗಿ ಬಂದು ಖಾಲಿ ಜಾಗಗಳನ್ನು ತುಂಬಬೇಕು, ಬಟ್ಟೆಯ ಎರಡೂ ಮಗ್ಗುಲು ಒಂದೇ ಆಗಿ ಕಾಣಬೇಕು. ದಾರ ಇಷ್ಟು ಉಜ್ಜಿಸಿಕೊಳ್ಳುವ ಹೊಲಿಗೆಯಲ್ಲಿ ಅದರ ಗಟ್ಟಿತನ ತಾನಾಗಿಯೇ ತಿಳಿಯುತ್ತದೆ.

ಚೀಟಿಯುಳ್ಳ ಹಳೆಯ ದಾರದ ಆರು ಎಳೆಗಳನ್ನು ಬಿಡಿಸುವಾಗ ಮೊದಲಿಗೆ ನನಗೆ ನಿರಾಸೆಯೇ ಆಯಿತು. ನಮ್ಮ ಊರಿನ ಒಣ ಸೆಕೆಯಲ್ಲಿ ಅಷ್ಟು ಬೇಸಿಗೆಗಳನ್ನು ಕಳೆದ ಎಳೆಗಳು ಬಿರುಸಾಗಿ, ಮೊಳದುದ್ದ ದಾರ ಸೂಜಿಗೇರಿಸಿದರೆ ಅರ್ಧಕ್ಕೆ ಬರುವಷ್ಟರಲ್ಲಿ ಜುಂಗೆದ್ದು ಹೋಗುತ್ತಿದ್ದವು. ಲಡಿಯನ್ನು ನಾಲ್ಕು ಕಡೆ ಬಿಳಿ ದಾರದಿಂದ ಸಡಿಲವಾಗಿ ಕಟ್ಟಿ, ಅಂಟವಾಳದ ನೀರಿನಲ್ಲಿ ಅದ್ದಿ ತೆಗೆದು, ನೆರಳಿನಲ್ಲಿ ಒಣಗಿಸಿದ ಮೇಲೆ ಅದೇ ದಾರ ಬೇರೆಯೇ ಆಯಿತು. ಧೂಳಿನಡಿ ಮಂಕಾಗಿದ್ದ ಹೊಳಪೂ ಮರಳಿತು. ಈ ಹೊಳಪು ಮೇಲೆ ಬಳಿದದ್ದಲ್ಲ. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಹದಗೊಳಿಸುವ, ಜಾನ್ ಮರ್ಸರ್ 1850ರಲ್ಲಿ ಪೇಟೆಂಟ್ ಪಡೆದ ವಿಧಾನದಿಂದ ನೂಲಿನ ನಾರೇ ಉಬ್ಬಿ ದುಂಡಗಾಗುತ್ತದೆ. ಮುಂದೆ ನೂಲನ್ನು ಎಳೆದು ಹಿಡಿದು ಈ ಕೆಲಸ ಮಾಡುವುದು ರೂಢಿಗೆ ಬಂದಾಗ ಅದಕ್ಕೆ ಈ ಮಿನುಗು ಸೇರಿತು. ನಾರಿನೊಳಗಿನ ಗುಣವಾದ್ದರಿಂದ ಅದು ಒಗೆತಕ್ಕೆ ಹೋಗುವುದಿಲ್ಲ.

ಗಟ್ಟಿತನದಲ್ಲಿ ಹೊಸ ಹತ್ತಿದಾರವೇ ಮುಂದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಹಳೆಯದಕ್ಕೂ ಅದಕ್ಕೂ ನಡುವಿನ ಅಂತರ ನಾನು ಅಂಜಿದ್ದಕ್ಕಿಂತ ಕಡಿಮೆ. ಒಂದೂವರೆ ಗೇಣಿನಷ್ಟೇ ದಾರ ತೆಗೆದುಕೊಂಡು ಹೊಲಿದರೆ ಅಂತರವೇ ಇಲ್ಲವೆನ್ನಬಹುದು. ನಿಜವಾದ ಅಂತರ ಕಂಡದ್ದು ಹೊಳಪಿನ ದಾರದಲ್ಲಿ. ಅದರ ತುದಿಯನ್ನು ಸುಟ್ಟು ನೋಡಿದೆ: ಅಸಲಿ ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು, ಬಂದದ್ದು ಕಾಗದ ಸುಟ್ಟ ವಾಸನೆ. ಹಾಗಾಗಿ ಅದು ರೇಯಾನ್, ಅಂದರೆ ಮರದ ತಿರುಳಿನಿಂದ ತೆಗೆದ ನೂಲು, ಇರಬೇಕೆನಿಸಿತು. ಹತ್ತಿಯನ್ನು ಸುಟ್ಟರೂ ಅದೇ ವಾಸನೆ ಬರುವುದರಿಂದ ಇವೆರಡನ್ನು ಬೇರ್ಪಡಿಸಲು ಬೆಂಕಿ ಸಾಲದು, ನೀರು ಬೇಕು. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ರೇಯಾನ್ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಒಣಗಿದ್ದಾಗ ಕೈ ಕೊಯ್ಯುವಷ್ಟು ಬಿಗಿಯಾಗಿದ್ದ ಎಳೆಯನ್ನು ನೀರಿನಲ್ಲಿ ನೆನೆಸಿ ಎಳೆದಾಗ, ಸದ್ದೂ ಇಲ್ಲದೆ ಎರಡಾಯಿತು. ಐದು ಸಲ ಒಗೆದ ಮೇಲೆ ಆ ಗೋಪುರದ ಕಳಸ ಬಿಚ್ಚಿಕೊಂಡು ಬಂದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಅಂಗಡಿಯಲ್ಲಿ ಕಣ್ಣು ಮೊದಲು ಹೋಗುವುದು ಇದರ ಕಡೆಗೇ, ಹತ್ತಿಯ ಒಂದು ಲಡಿಯ ಬೆಲೆಗೆ ಮೂರು ಬರುತ್ತವೆ, ಆದರೂ ಒಗೆಯುವ ಬಟ್ಟೆಗೆ ನಾನು ಇದನ್ನು ಇನ್ನು ಮುಟ್ಟುವುದಿಲ್ಲ.

ಬಣ್ಣದ ಪರೀಕ್ಷೆಗೆ ಬಿಳಿ ಅರಿವೆಯನ್ನು ಒದ್ದೆ ಮಾಡಿ, ನಡುವೆ ದಾರವನ್ನಿಟ್ಟು, ಮೇಲೆ ಬಿಸಿ ಇಸ್ತ್ರಿ ಒತ್ತಿದೆ. ಹೊಸ ಹತ್ತಿದಾರವೂ ಚೀಟಿಯುಳ್ಳ ಹಳೆಯದೂ ಕಲೆ ಬಿಡಲಿಲ್ಲ. ಚೀಟಿಯಿಲ್ಲದವುಗಳಲ್ಲಿ ಒಂದು ಕುಂಕುಮಗೆಂಪು ಲಡಿಯಿತ್ತು. ಟ್ರಂಕಿನಲ್ಲೆಲ್ಲ ಅದರಷ್ಟು ಚೆಲುವಾದ ಬಣ್ಣ ಇನ್ನೊಂದಿರಲಿಲ್ಲ, ಕುಲಾವಿಯ ನಡುಗೋಪುರಕ್ಕೆ ಅದನ್ನೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದೆ. ಇಸ್ತ್ರಿ ಎತ್ತಿದಾಗ ಅರಿವೆಯ ಮೇಲೆ ಎಲೆ ಅಡಿಕೆ ಉಗಿದಂತಹ ಕಲೆ. ಮೂರು ಸಲ ತೊಳೆದು ಮತ್ತೆ ಒತ್ತಿದರೂ ಕಲೆ ತೆಳ್ಳಗಾಯಿತೇ ಹೊರತು ನಿಲ್ಲಲಿಲ್ಲ. ಚೀಟಿಯಿಲ್ಲದ ಉಳಿದ ಲಡಿಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಗೆದ್ದವು, ಆದರೆ ಯಾವುದು ಗೆಲ್ಲುತ್ತದೆಂದು ನೋಡಿ ಹೇಳುವಂತಿಲ್ಲ. ಪ್ರತಿಯೊಂದನ್ನೂ ಒತ್ತಿಯೇ ತಿಳಿಯಬೇಕು.

ಬಳಸುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹಳೆಯ ಹಸಿರು ಅರ್ಧಕ್ಕೆ ಮುಗಿದಾಗ ಅದೇ ಸಂಖ್ಯೆಯ ಹೊಸ ಲಡಿ ತಂದು ಮುಂದುವರಿಸಿದೆ. ಕೋಣೆಯ ದೀಪದಲ್ಲಿ ಎರಡೂ ಒಂದೇ ಆಗಿದ್ದವು, ಮರುದಿನ ಅಂಗಳದ ಬೆಳಕಿನಲ್ಲಿ ನೋಡಿದರೆ ಗೋಪುರದ ನಡುವೆ ಗೆರೆ ಎಳೆದಂತೆ ಬಣ್ಣ ಬೇರೆಯಾಗಿತ್ತು. ಪತ್ರಿಕೆಗೆ ತಾಗಿಕೊಂಡಿದ್ದ ಹಳೆಯ ಎಳೆಗಳು ಹಳದಿಗೆ ತಿರುಗಿದ್ದವು. ಒಂದು ಲಡಿಯಲ್ಲಿ ಇರುವುದು 8 ಮೀಟರ್ ಮಾತ್ರ. ಚಿತ್ತಾರ ಅದರಲ್ಲಿ ಮುಗಿಯುವಂತಿದ್ದರೆ ಮಾತ್ರ ಹಳೆಯದನ್ನು ಹಿಡಿಯಬೇಕು.

ಸೂಜಿಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕಪ್ಪು ಕಾಗದದ ಪೊಟ್ಟಣದಲ್ಲಿ ಉಳಿದವು ಹೊಸದರಂತೆಯೇ ಇದ್ದವು, ಹತ್ತಿಯ ಪುಟ್ಟ ದಿಂಬಿಗೆ ಚುಚ್ಚಿಟ್ಟವು ತುಕ್ಕು ಹಿಡಿದು ಬಟ್ಟೆಗೆ ಕಂದು ಚುಕ್ಕೆ ಬಿಡುತ್ತಿದ್ದುದರಿಂದ ಅವನ್ನು ಎಸೆದೆ. ರಿಂಗಿನಲ್ಲಂತೂ ಹಳೆಯದಕ್ಕೇ ನನ್ನ ಮತ: ಒಳಬಳೆಗೆ ಹತ್ತಿಯ ಪಟ್ಟಿ ಸುತ್ತಿದ ಕಟ್ಟಿಗೆಯ ರಿಂಗು ಬಟ್ಟೆಯನ್ನು ಹಿಡಿದಂತೆ ನನ್ನ ಪ್ಲಾಸ್ಟಿಕ್ ರಿಂಗು ಹಿಡಿಯಲಿಲ್ಲ.

ಕೊನೆಗೆ ಕುಲಾವಿಯ ಅಂಚಿನ ಹಸಿರು, ನೀಲಿ, ಅರಿಸಿನ ಬಣ್ಣಗಳಿಗೆ ಚೀಟಿಯುಳ್ಳ ಹಳೆಯ ದಾರವನ್ನೂ ನಡುಗೋಪುರದ ಕೆಂಪಿಗೆ ಹೊಸ ಹತ್ತಿದಾರವನ್ನೂ ಬಳಸಿದೆ. ಅದು ಈವರೆಗೆ ಹದಿನಾಲ್ಕು ಒಗೆತ ಕಂಡಿದೆ, ಒಂದು ಎಳೆಯೂ ಸಡಿಲವಾಗಿಲ್ಲ. ಕುಂಕುಮಗೆಂಪಿನ ಲಡಿಯಿಂದ ಒಂದು ಚಿಕ್ಕ ಗೋಪುರ ಹಾಕಿ ಗಾಜಿನ ಚೌಕಟ್ಟಿನೊಳಗೆ ಸೇರಿಸಿದ್ದೇನೆ. ಅಲ್ಲಿ ಅದಕ್ಕೆ ನೀರು ತಾಗುವುದಿಲ್ಲ.