ದಾವಣಗೆರೆಯಲ್ಲಿ ಇಯರ್‌ಫೋನ್ ತಗೊಳ್ಳೋರು ಓದಿ: ಕಿವಿಗೆ ಹಾಕಿದ್ದು ಒಂದು, ಡಬ್ಬಿಯಲ್ಲಿ ಕೊಟ್ಟಿದ್ದು ಇನ್ನೊಂದು

ಅಂಗಡಿಯಲ್ಲಿ ನಿಮ್ಮ ಕಿವಿಗೆ ಹಾಕಿ ಕೇಳಿಸೋ ಇಯರ್‌ಫೋನೇ ಡಬ್ಬಿಯಲ್ಲಿ ಇರುತ್ತೆ ಅಂತ ನಂಬಬೇಡಿ. ದಯವಿಟ್ಟು ನಂಬಬೇಡಿ. ಡಬ್ಬಿ ಒಡೆಸಿ, ಅದರೊಳಗಿನ ಪೀಸನ್ನೇ ಕಿವಿಗೆ ಹಾಕ್ಕೊಂಡು ಕೇಳಿ, ಆಮೇಲೆ ದುಡ್ಡು ಕೊಡಿ. ಯಾರೋ ಹೇಳಿದ ಕಥೆ ಅಲ್ಲ ಇದು, ನನಗೇ ಆಗಿದ್ದು. ಹೋಗಿದ್ದು 1,850 ರೂಪಾಯಿ. ದುಡ್ಡಿನ ಸಂಕಟ ಒಂದು ಕಡೆ ಇರಲಿ, ಆಮೇಲೆ ಅವರು ಕೊಟ್ಟ ಉತ್ತರಗಳನ್ನ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತೆ.

ಅಂಗಡಿ ಹೆಸರು ಬರೆಯಲ್ಲ. ದೂರು ಕೊಟ್ಟಿದ್ದೇನೆ, ಅದು ನಡೀತಾ ಇದೆ. ಮಂಡಿಪೇಟೆ ಕಡೆ ಮೊಬೈಲ್ ಕವರ್, ಚಾರ್ಜರ್, ಸ್ಕ್ರೀನ್ ಗಾರ್ಡ್ ಮಾರೋ ಅಂಗಡಿಗಳಿವೆ ಅಲ್ವಾ, ಅಂಥದ್ದೇ ಒಂದು. ಬೋರ್ಡು ದೊಡ್ಡದು, ಲೈಟು ಜಾಸ್ತಿ.

ಇಯರ್‌ಫೋನ್ ಬೇಕಾಗಿದ್ದು ಅಪ್ಪನಿಗೆ. ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದವರು. ಬೆಳಿಗ್ಗೆ ವಚನ ಗಾಯನ, ರಾತ್ರಿ ಹಿಂದೂಸ್ತಾನಿ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್ ಸಿಕ್ಕರೆ ಊಟ ಮರೆತು ಕೂರುತ್ತಾರೆ. ಮನೆಯಲ್ಲಿ ಬೇರೆಯವರಿಗೆ ತೊಂದರೆ ಆಗಬಾರದು ಅಂತ ಫೋನಿನ ಸ್ಪೀಕರನ್ನೇ ಕಿವಿಗೆ ಒತ್ತಿಕೊಂಡು ಕೇಳೋರು. ನೋಡೋಕೆ ಆಗ್ತಿರಲಿಲ್ಲ ನನಗೆ. ಅವರ ಹುಟ್ಟುಹಬ್ಬಕ್ಕೆ 2,000 ರೂಪಾಯಿ ಒಳಗೆ ಒಂದು ಒಳ್ಳೆ ಇಯರ್‌ಫೋನ್ ಕೊಡಿಸೋಣ ಅಂತ ಹೊರಟೆ. ವೈರ್ ಇರೋದೇ ಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅಪ್ಪನ ಫೋನಿನಲ್ಲಿ ಹಳೆಯ 3.5 ಎಂಎಂ ತೂತು ಇದೆ. ಚಾರ್ಜ್ ಹಾಕೋದು, ಬ್ಲೂಟೂತ್ ಜೋಡಿಸೋದು ಅವರಿಗೆ ಕಿರಿಕಿರಿ. ಅದೂ ಅಲ್ಲದೆ ಇಷ್ಟು ಬಜೆಟ್ಟಿಗೆ ವೈರ್‌ಲೆಸ್ ತಗೊಂಡರೆ ಬ್ಯಾಟರಿ, ಬ್ಲೂಟೂತ್ ಚಿಪ್, ಚಾರ್ಜಿಂಗ್ ಡಬ್ಬಿ ಎಲ್ಲದಕ್ಕೂ ದುಡ್ಡು ಹಂಚಿಹೋಗುತ್ತೆ. ವೈರಿನದ್ದಾದರೆ ಅದೇ ದುಡ್ಡು ಸೌಂಡಿಗೆ ಹೋಗುತ್ತೆ.

ಅಂಗಡಿಯವನಿಗೆ ಇದನ್ನೆಲ್ಲ ಹೇಳಿದೆ. ಬಿಡಿಸಿ ಬಿಡಿಸಿ ಹೇಳಿದೆ. "ಕೇಳೋದು ಹಾಡುಗಾರಿಕೆ ರೀ, ಡಿಜೆ ಹಾಡಲ್ಲ. ದನಿ ಮುಂದೆ ಬರಬೇಕು, ಸಾಹಿತ್ಯ ಒಂದೊಂದು ಅಕ್ಷರ ಬಿಡಿಯಾಗಿ ಕೇಳಬೇಕು. ಬೇಸ್ ಕಮ್ಮಿ ಇದ್ದರೂ ನಡೆಯುತ್ತೆ." ಅವನು ತಲೆ ಅಲ್ಲಾಡಿಸಿ, ಗಾಜಿನ ಕಪಾಟಿನಿಂದ ಒಂದು ಪೀಸ್ ತೆಗೆದ. ಕಪ್ಪು ಬಣ್ಣದ್ದು, ಒಳಗಿನದು ಸ್ವಲ್ಪ ಕಾಣೋ ಥರದ ಪ್ಲಾಸ್ಟಿಕ್, ವೈರು ಕಿವಿಯ ಹಿಂದೆ ಸುತ್ತಿ ಬರೋದು. "ಇದರಾಗ ಎರಡು ಡ್ರೈವರ್ ಅದಾವ್ರಿ ಮೇಡಂ, ಒಂದು ಬೇಸಿಗೆ, ಒಂದು ವಾಯ್ಸಿಗೆ" ಅಂದ. ಡ್ರೈವರ್ ಅಂದರೆ ಒಳಗೆ ಸೌಂಡ್ ಹುಟ್ಟಿಸೋ ಪುಟ್ಟ ಸ್ಪೀಕರ್. ನನ್ನ ಫೋನಿಗೇ ಹಾಕಿ ಕೇಳಿದೆ. ಅಪ್ಪ ಕೇಳೋ ಒಂದು ವಚನವನ್ನೇ ಹಚ್ಚಿದ್ದೆ. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ನಿಜವಾಗಿ ಚೆನ್ನಾಗಿತ್ತು. ದನಿ ಎದುರಿಗೆ ಕೂತು ಹಾಡಿದ ಹಾಗೆ, ಹಿಂದೆ ತಂಬೂರಿ, ಪಕ್ಕದಲ್ಲಿ ತಬಲಾ, ಎಲ್ಲ ಅದರದರ ಜಾಗದಲ್ಲಿ.

ಆಮೇಲೆ ಅವನು ಇನ್ನೊಂದು ತೋರಿಸಿದ. ವೈರನ್ನ ಇಯರ್‌ಫೋನಿನ ಬುಡದಲ್ಲಿ ಹಿಡಿದು ಎಳೆದ, ಟಕ್ ಅಂತ ಬಿಟ್ಟುಕೊಂಡಿತು. ತುದಿಯಲ್ಲಿ ಎರಡು ಸಣ್ಣ ಪಿನ್. ಮತ್ತೆ ಒತ್ತಿದ, ಕೂತಿತು. "ವೈರ್ ಹೋತು ಅಂತ ಇಡೀ ಸೆಟ್ ಎಸೆಯಂಗಿಲ್ರಿ, ಬರೇ ವೈರ್ ತಗೊಂಡರಾತು" ಅಂದ. ಅಪ್ಪನ ಹಳೆಯ ಇಯರ್‌ಫೋನ್‌ಗಳೆಲ್ಲ ಸತ್ತಿದ್ದು ವೈರು ಕಡಿದೇ. ಅಲ್ಲೇ ನನ್ನ ಮನಸ್ಸು ಒಪ್ಪಿಬಿಟ್ಟಿತು. ಡಬ್ಬಿ ಮೇಲೆ 4,999 ಅಂತ ಎಂಆರ್‌ಪಿ ಸ್ಟಿಕ್ಕರ್. 2,200 ಅಂದ, ಚೌಕಾಸಿ ಮಾಡಿ 1,850ಕ್ಕೆ ಬಂದ. ಬಿಲ್ ಕೇಳಿದ್ದಕ್ಕೆ ಎಸ್ಟಿಮೇಟ್ ಅಂತ ಬರೆದಿರೋ ಒಂದು ಚೀಟಿ ಹರಿದುಕೊಟ್ಟ, ಅದರ ಹಿಂದೆ ಪೆನ್ನಿನಲ್ಲಿ "1 ವರ್ಷ ವಾರಂಟಿ" ಅಂತ ಬರೆದ. "ಒಳಗೆ ಸೀಲ್ಡ್ ಪೀಸ್ ಐತ್ರಿ, ಇಲ್ಲಿ ಒಡೆದರೆ ಗಿಫ್ಟ್ ಕೊಡಾಕ್ ಚಂದ ಕಾಣಂಗಿಲ್ಲ" ಅಂದ. ಗಿಫ್ಟ್ ಅಂತ ನಾನೇ ಮಾತಿನ ಮಧ್ಯೆ ಹೇಳಿದ್ದೆ. ಆ ಮಾತನ್ನೇ ಹಿಡಿದುಕೊಂಡು ಆಡಿದ್ದಾನೆ ನೋಡಿ.

ಮನೆಗೆ ಬಂದು ಅಪ್ಪನ ಕೈಗೆ ಕೊಟ್ಟೆ. ಅತ್ತೆ, ಮಾವ ಎಲ್ಲ ಇದ್ದರು ಅವತ್ತು. ನೋಡೋಕೆ ಅದೇ ಕಪ್ಪು ಬಣ್ಣ, ಅದೇ ಆಕಾರ. ಎಲ್ಲರ ಮುಂದೆ ನಾನು ದೊಡ್ಡದಾಗಿ ವಿವರಿಸ್ತಾ ಇದ್ದೆ, ಇದರ ವೈರ್ ಬಿಚ್ಚಬಹುದು ಅಪ್ಪಾಜಿ, ಎಳೀರಿ ಅಂತ. ಅಪ್ಪ ಎಳೆದರು. ಬರಲಿಲ್ಲ. ಉಗುರು ಹಾಕಿ ನೋಡಿದರು. ಕನ್ನಡಕ ಏರಿಸಿ, ಟೇಬಲ್ ಲ್ಯಾಂಪ್ ಹತ್ತಿರ ಹಿಡಿದು ನೋಡಿ, "ಇದು ಬಿಚ್ಚೋದಲ್ಲವ್ವಾ, ಗೆರೆ ಅಷ್ಟೇ ಇರೋದು" ಅಂದರು. ನಾನು ಇಸಕೊಂಡು ನೋಡಿದೆ. ವೈರು ಸೇರೋ ಕಡೆ ಬಿಚ್ಚೋ ಜಾಗದ ಹಾಗೆ ಕಾಣಲಿ ಅಂತ ಸುತ್ತಲೂ ಒಂದು ಗೆರೆ ಕೊರೆದಿದ್ದಾರೆ. ಜೋಡಣೆ ಇಲ್ಲ, ಪಿನ್ ಇಲ್ಲ, ಇಡೀದು ಒಂದೇ ಅಚ್ಚು. ಆ ಗೆರೆ ನೋಡ್ತಾ ನನ್ನ ಮುಖಕ್ಕೆ ರಕ್ತ ಹತ್ತಿತು. ಅಂಗಡಿಯಲ್ಲಿ ಟಕ್ ಅಂತ ಬಿಟ್ಟುಕೊಂಡಿದ್ದು ನನ್ನ ಕಣ್ಣ ಮುಂದೆಯೇ ಇತ್ತು. ಮಾವ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟ ಆಯಿತು.

ಸೌಂಡು? ಬೇಸು ಒಂದೇ. ಡಗ್ಗಾದ ಪೆಟ್ಟು ಬಿದ್ದ ಕಡೆಯೆಲ್ಲ ದನಿ ಮುಳುಗುತ್ತೆ, ತಂಬೂರಿ ಗುಂಯ್ ಅನ್ನೋ ಗದ್ದಲ, ಶ, ಸ ಬಂದರೆ ಕಿವಿಗೆ ಚುಚ್ಚುತ್ತೆ. ಇಂಥದ್ದಕ್ಕೆ ವಿ ಶೇಪ್ ಅಂತಾರೆ, ಕೆಳಗಿನ ಬೇಸು, ಮೇಲಿನ ಟ್ರೆಬಲ್ ಎರಡನ್ನೂ ಎತ್ತಿ, ಮಧ್ಯದ್ದನ್ನ ತಗ್ಗಿಸಿಟ್ಟಿರೋದು. ಮನುಷ್ಯರ ದನಿ ಇರೋದೇ ಆ ಮಧ್ಯದಲ್ಲಿ. ಅಕ್ಷರ ಸ್ಪಷ್ಟವಾಗಿ ಕೇಳೋದು ಹೆಚ್ಚುಕಮ್ಮಿ 2,000ದಿಂದ 4,000 ಹರ್ಟ್ಸ್ ಜಾಗದಿಂದ. ಅಲ್ಲೇ ತಗ್ಗು ತೋಡಿದರೆ ವಚನ ಏನು ಕೇಳುತ್ತೆ? ಅದೂ ಹಳೆಯ ರೆಕಾರ್ಡಿಂಗುಗಳಲ್ಲಿ ಇರೋದೇ ಬಹುಪಾಲು ಮಧ್ಯದ ಸೌಂಡು. ಮಾತು ಕೇಳಿಸ್ತಿಲ್ಲ ಅಂತ ಅಪ್ಪ ವಾಲ್ಯೂಮ್ ಏರಿಸೋರು, ಫೋನ್ ಎಚ್ಚರಿಕೆ ತೋರಿಸೋದು, ಮತ್ತೆ ಏರಿಸೋರು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋ ಮಿತಿ 80 ಡೆಸಿಬಲ್ ಜೋರಿನಲ್ಲಿ ವಾರಕ್ಕೆ 40 ತಾಸು. ಜೋರಾದಷ್ಟೂ ಆ ತಾಸುಗಳು ಬೇಗ ಕಮ್ಮಿ ಆಗುತ್ತವೆ. ಕೆಟ್ಟ ಇಯರ್‌ಫೋನ್ ದುಡ್ಡಷ್ಟೇ ತಿನ್ನಲ್ಲ, ಕಿವಿಯನ್ನೂ ತಿನ್ನುತ್ತೆ.

ಅಪ್ಪ ಮಾತ್ರ ನನ್ನ ಮುಂದೆ "ಚೆನ್ನಾಗೈತೆ ಬಿಡವ್ವಾ" ಅಂತಲೇ ಇದ್ದರು. ಒಂದಿನ ನೋಡಿದರೆ ಇಯರ್‌ಫೋನ್ ಡಬ್ಬಿಯಲ್ಲಿ, ಫೋನು ಮತ್ತೆ ಕಿವಿಗೆ. ನನಗೆ ಬೇಜಾರಾಗಬಾರದು ಅಂತ ನಾನು ಇದ್ದಾಗ ಮಾತ್ರ ಹಾಕ್ಕೊಳ್ತಾ ಇದ್ದರಂತೆ.

ಈಗ ಅಂಗಡಿಯವರ ಉತ್ತರಗಳು. ಇವನ್ನ ಸರಿಯಾಗಿ ಓದಿ, ನಿಮಗೂ ಇವೇ ಉತ್ತರ ಸಿಗುತ್ತವೆ.

ಮೊದಲು ಫೋನ್ ಮಾಡಿದಾಗ: "ಹೊಸದು ಹಂಗೇ ಇರ್ತತಿ ಮೇಡಂ, 50 ತಾಸು ಹಾಡು ಹಚ್ಚಿ ಇಡ್ರಿ, ಸೌಂಡ್ ಓಪನ್ ಆಗ್ತತಿ." ನಾನು ಕೇಳಿದ್ದು ವೈರಿನ ಬಗ್ಗೆ. ಹಾಡು ಹಚ್ಚಿಟ್ಟರೆ ಪಿನ್ ಹುಟ್ಟುತ್ತಾ? ಅದಕ್ಕೆ ಉತ್ತರ ಇಲ್ಲ. ಈ 50 ತಾಸು, 100 ತಾಸಿನ ಮಾತು ಸುಮ್ನೆ ದಿನ ದೂಡೋಕೆ. ವಾಪಸ್ ಕೊಡೋ ಅವಧಿ ಮುಗಿಯಲಿ ಅಂತ.

ಅಂಗಡಿಗೆ ಹೋದರೆ: "ನಿಮ್ ಫೋನ್ ಹಳೇದೈತಿ, ಅದಕ್ಕ ಸೌಂಡ್ ಬರವಲ್ದು." ನನ್ನ ಫೋನಿಗೆ ಹಾಕಿ ತೋರಿಸಿದೆ, ಅಂಗಡಿಯಲ್ಲಿ ಕೇಳಿಸಿದ್ದು ಇದೇ ಫೋನಿನಲ್ಲಿ ಅಂದೆ. ಆಗ, "ವಯಸ್ಸಾದೋರ ಕಿವಿ ಮೇಡಂ, ಅವರಿಗೆ ಹಿಂಗೇ ಕೇಳ್ಸೋದು." ಈ ಮಾತಿಗೆ ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು. ವಯಸ್ಸಾದ ಮೇಲೆ ತೀರಾ ಎತ್ತರದ ಸೌಂಡು ಕಮ್ಮಿ ಕೇಳೋದು ನಿಜ, ಆದರೆ ನಮ್ಮಪ್ಪ ಸ್ವರ ಅರ್ಧ ಎಳೆ ಜಾರಿದರೂ ಹಿಡಿಯೋರು. ಅವರ ಕಿವಿ ಬಗ್ಗೆ ಇವನು ಮಾತಾಡೋದಾ?

ಡೆಮೊ ಪೀಸ್ ತೋರಿಸಿ, ಎರಡನ್ನೂ ಪಕ್ಕ ಇಟ್ಟು ನೋಡೋಣ ಅಂದೆ. "ಅದು ಸೇಲ್ ಆತು" ಅಂದ. ನಾನು ಅಲ್ಲೇ ನಿಂತೆ, ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಬ್ಯಾಗ್ ಹಾಕ್ಕೊಂಡ ಒಬ್ಬ ಹುಡುಗ ಬಂದ, ಕಾಲೇಜು ಹುಡುಗ ಇರಬೇಕು. ಅವನಿಗೆ ಹೆಲ್ಪರ್ ಹುಡುಗ ಕಪಾಟಿನಿಂದ ತೆಗೆದದ್ದು ಅದೇ ಪೀಸು! ಅದೇ ಟಕ್! ಬಿಚ್ಚಿ ತೋರಿಸಿದ, ಹಾಕಿದ. ನಾನು ಜೋರಾಗಿ, "ತಮ್ಮಾ, ಡಬ್ಬಿ ಒಡೆದು ನೋಡಪ್ಪ, ಒಳಗೆ ಇದು ಇರಲ್ಲ" ಅಂದೆ. ಹುಡುಗ ಹೋಗಿಬಿಟ್ಟ. ಆಗ ಬಂತು ನೋಡಿ ಓನರ್ ಸಿಟ್ಟು. "ವ್ಯಾಪಾರ ಹಾಳ್ಮಾಡಾಕ ಬಂದೀರೇನು? ಓಪನ್ ಆದ ಪೀಸ್ ವಾಪಸ್ ತಗಳಂಗಿಲ್ಲ, ಚೀಟಿ ಮೇಲೆ ಐತಿ ನೋಡ್ರಿ. ಹೆಣ್ಮಕ್ಕಳಿಗೆ ಇವೆಲ್ಲ ತಿಳಿಯಂಗಿಲ್ಲ, ಮನಿಯಾಗ ಗಂಡಸ್ರು ಇದ್ರೆ ಕಳಸ್ರಿ." ಪೂರ್ತಿ ಅಂಗಡಿ ನನ್ನನ್ನೇ ನೋಡ್ತಾ ಇತ್ತು. ಹೊರಗೆ ಬಂದು ಸ್ಕೂಟಿ ಹತ್ತೋಕೆ ಕೈ ನಡುಗ್ತಾ ಇತ್ತು.

ಎರಡು ಡ್ರೈವರ್ ಕಥೆಯೂ ಕೇಳಿ. ರಿಪೇರಿ ಕೆಲಸ ಗೊತ್ತಿರೋ ಪರಿಚಯದವರು ಬೆಳಕಿಗೆ ಹಿಡಿದು ನೋಡಿದರು, ಆ ಪ್ಲಾಸ್ಟಿಕ್ಕಿನಲ್ಲಿ ಒಳಗಿನದು ಕಾಣುತ್ತೆ. ಒಂದೇ ಡ್ರೈವರ್. ವೈರು ಹೋಗಿರೋದು ಅದೊಂದಕ್ಕೇ. ಒಂದೇ ಇದ್ದರೆ ತಪ್ಪಿಲ್ಲ, ಒಂದೇ ಡ್ರೈವರಿನ ಒಳ್ಳೊಳ್ಳೆ ಇಯರ್‌ಫೋನ್ ಬೇಕಾದಷ್ಟಿವೆ. ಎರಡಿದೆ ಅಂತ ಹೇಳಿ ದುಡ್ಡು ತಗೊಂಡಿದ್ದು ತಪ್ಪು. ಡಬ್ಬಿ ಮೇಲೆ ಆಮದು ಮಾಡಿದವರ ಹೆಸರಿಲ್ಲ, ವಿಳಾಸ ಇಲ್ಲ, ಯಾವ ತಿಂಗಳದ್ದು ಅಂತ ಇಲ್ಲ, ಯಾವ ದೇಶದ್ದು ಅಂತಲೂ ಇಲ್ಲ. ಪ್ಯಾಕ್ ಮಾಡಿ ಮಾರೋ ವಸ್ತು ಮೇಲೆ ಇವೆಲ್ಲ ಇರಲೇಬೇಕು ಅಂತ ಕಾನೂನಿದೆ. ಇದ್ದದ್ದು ಆ 4,999 ಸ್ಟಿಕ್ಕರ್ ಒಂದೇ.

ಕೊನೆಗೆ ಅಪ್ಪನನ್ನೇ ಕರ್ಕೊಂಡು ಬೇರೆ ಅಂಗಡಿಗೆ ಹೋದೆ. ಅಲ್ಲಿ ಡಬ್ಬಿ ಒಡೆದೇ ಕೊಟ್ಟರು, ರಬ್ಬರ್ ಬುಷ್ ಸಣ್ಣದು, ದೊಡ್ಡದು ಎಲ್ಲ ಹಾಕಿ ನೋಡಿ ಅಂದರು. ಅಪ್ಪನ ಎಡಗಿವಿಗೆ ಸಣ್ಣದು, ಬಲಗಿವಿಗೆ ಮಧ್ಯದ್ದು ಕೂತಿತು. ಬುಷ್ ಸರಿಯಾಗಿ ಕೂರದಿದ್ದರೆ ಎಂಥಾ ಇಯರ್‌ಫೋನ್ ಆದರೂ ಬೇಸ್ ಸೋರಿಹೋಗಿ ತೆಳ್ಳಗೆ ಕೇಳುತ್ತೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಒಂದೇ ಡ್ರೈವರಿನದ್ದು, 900 ರೂಪಾಯಿ, ಜಿಎಸ್‌ಟಿ ಬಿಲ್ ಸಮೇತ. ಈಗ ವಚನ ವಚನದ ಹಾಗೆ ಕೇಳ್ತಿದೆ. 1,850 ಕೊಟ್ಟು ಸಿಗದೇ ಇದ್ದದ್ದು 900ಕ್ಕೆ ಸಿಕ್ಕಿತು. ಆ ಮನುಷ್ಯನ ಮೇಲೆ ಸಿಟ್ಟು ಬರದೆ ಇರುತ್ತಾ?

ನೀವು ತಗೊಳ್ಳೋಕೆ ಹೋದರೆ ನೀವು ದಿನಾ ಕೇಳೋ ಹಾಡನ್ನೇ ಹಚ್ಚಿ, ಅವರ ಡೆಮೊ ಹಾಡು ಬೇಡ. ಅದನ್ನ ಬೇಸ್ ಗುಮ್ ಅನ್ನಲಿ ಅಂತಲೇ ಆರಿಸಿರುತ್ತಾರೆ. ಡೊಳ್ಳು, ಡಿಜೆ, ಸಿನಿಮಾ ಕುಣಿತದ ಹಾಡು ಜಾಸ್ತಿ ಕೇಳೋರಿಗೆ ಬೇಸ್ ಇರೋದೇ ಇಷ್ಟ ಆಗಬಹುದು, ತಪ್ಪಿಲ್ಲ. ಭಾವಗೀತೆ, ವಚನ, ಶಾಸ್ತ್ರೀಯ, ಪಾಠ, ಪ್ರವಚನ ಕೇಳೋರು ದನಿ ಮುಂದೆ ಬರ್ತಿದೆಯಾ ಅಂತ ಮಾತ್ರ ನೋಡಿ. ಡಬ್ಬಿ ಮೇಲೆ 40,000 ಹರ್ಟ್ಸ್ ಅಂತ ಬರೆದಿದ್ದರೆ ಅದಕ್ಕೆ ದುಡ್ಡು ಸುರೀಬೇಡಿ, ಮನುಷ್ಯರ ಕಿವಿಗೆ ಕೇಳೋದೇ 20ರಿಂದ 20,000ದವರೆಗೆ. ಮೊಬೈಲಿಗೆ ನೇರ ಹಾಕೋದಾದರೆ 16 ಅಥವಾ 32 ಓಮ್ಸಿನದ್ದು ಸಾಕು (ಓಮ್ಸ್ ಅಂದರೆ ಕರೆಂಟಿಗೆ ಇಯರ್‌ಫೋನ್ ಒಡ್ಡೋ ತಡೆ). ಒಡೆದು ತೋರಿಸಲ್ಲ ಅಂದರೆ ಎದ್ದು ಬನ್ನಿ. ಎಸ್ಟಿಮೇಟ್ ಚೀಟಿ ಕೊಟ್ಟರೂ ಎದ್ದು ಬನ್ನಿ.

"ಮಾರಿದ ಮಾಲು ವಾಪಸ್ ಇಲ್ಲ" ಅಂತ ಚೀಟಿ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ಮುಗೀತು ಅಂತ ಸುಮ್ನಾಗಬೇಡಿ. 2019ರ ಗ್ರಾಹಕರ ಕಾಯ್ದೆ ಪ್ರಕಾರ ಬಿಲ್ ಕೊಡದೇ ಇರೋದೂ ಅನುಚಿತ ವ್ಯಾಪಾರ, ದೋಷ ಇರೋ ಮಾಲನ್ನ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲ ಅಂದರೆ 30 ದಿನದೊಳಗೆ, ವಾಪಸ್ ತಗೊಳ್ಳೋಕೆ ಒಪ್ಪದೇ ಇರೋದೂ ಅನುಚಿತ ವ್ಯಾಪಾರ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ, ದೂರಿನ ನಂಬರ್ ಕೊಟ್ಟರು. ಅದಾದ ಮೇಲೆ ಓನರ್ ತಾನಾಗೇ ಫೋನ್ ಮಾಡಿದ. "500 ಕೊಡ್ತೀನಿ ಅಕ್ಕಾರೆ, ಕಂಪ್ಲೇಂಟ್ ವಾಪಸ್ ತಗಳ್ರಿ." ಮೇಡಂ ಹೋಗಿ ಅಕ್ಕ ಆದೆ ಈಗ. ಆಗಲ್ಲ ಅಂದೆ. ಪೂರ್ತಿ 1,850 ಬರಬೇಕು. ಬರಲಿಲ್ಲ ಅಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ. 5 ಲಕ್ಷದವರೆಗಿನ ವಸ್ತುವಿಗೆ ಅಲ್ಲಿ ಶುಲ್ಕವೂ ಇಲ್ಲ, ವಕೀಲರು ಇಲ್ಲದೆ ನಾವೇ ನಿಂತು ಹೇಳಬಹುದು.

ಅಲ್ಲೇ ಸುತ್ತಮುತ್ತ ಯಾರಾದರೂ ಇಂಥ ಬಿಚ್ಚೋ ವೈರಿನ ಕಪ್ಪು ಇಯರ್‌ಫೋನ್ ತಗೊಂಡಿದ್ದರೆ ಈಗಲೇ ವೈರು ಎಳೆದು ನೋಡಿ. ಬರಲಿಲ್ಲ ಅಂದರೆ ಡಬ್ಬಿ ಎಸೀಬೇಡಿ, ಚೀಟಿ ಎರಡೂ ಕಡೆ ಫೋಟೊ ತೆಗೆದಿಡಿ, 30 ದಿನ ಆಗೋಕೆ ಮುಂಚೆ ವಾಪಸ್ ಕೇಳಿ, ಕೇಳಿದ್ದನ್ನ ಮೆಸೇಜಿನಲ್ಲೂ ಕಳಿಸಿ. ಬಾಯಲ್ಲಿ ಹೇಳಿದ್ದಕ್ಕೆ ಅವರು "ನೀವು ಬಂದೇ ಇಲ್ಲ" ಅಂತಾರೆ, ನನಗೂ ಅಂದರು.