ಬಾಸ್ಟನ್ ಪಾಪ್ಸಾ, ಲಂಡನ್ ಪ್ರಾಮ್ಸಾ? ಮೊದಲು ಯಾವುದು ಕೇಳೋಣ

1950ರ ದಶಕದ ಆರ್ಕೆಸ್ಟ್ರಾ ಕೇಳಬೇಕು, ಆದರೆ ಮುಕ್ಕಾಲು ಗಂಟೆಯ ಸಿಂಫನಿಗೆ ತಾಳ್ಮೆ ಇಲ್ಲ ಅನ್ನುವವರು ಬಾಸ್ಟನ್ ಪಾಪ್ಸ್‌ನಿಂದಲೇ ಶುರು ಮಾಡಿ. ಇದು ಹಗುರವಾದ ಸಂಗೀತ ನುಡಿಸುವ ಅಮೆರಿಕದ ಆರ್ಕೆಸ್ಟ್ರಾ. 1930ರಿಂದ 1979ರವರೆಗೆ ಆರ್ಥರ್ ಫೀಡ್ಲರ್ ಅದರ ಕಂಡಕ್ಟರ್, ಅಂದರೆ ಆರ್ಕೆಸ್ಟ್ರಾ ನಡೆಸುವವರು. ಪಾಪ್ಸ್ ಸೀಸನ್ ಬಂದರೆ ಬಾಸ್ಟನ್ನಿನ ಸಿಂಫನಿ ಹಾಲ್‌ನ ಕೆಳಗಿನ ಸೀಟುಗಳನ್ನೇ ತೆಗೆದು ಮೇಜು ಕುರ್ಚಿ ಹಾಕುತ್ತಿದ್ದರು, ಜನ ತಿನ್ನುತ್ತ ಕುಡಿಯುತ್ತ ಸಂಗೀತ ಕೇಳುತ್ತಿದ್ದರು. ಜಾಸ್ತಿ ಎಲ್ಲ ಚಿಕ್ಕ ತುಣುಕುಗಳೇ: ಓವರ್ಚರ್ (ಒಪೆರಾದಂಥವುಗಳ ಆರಂಭದ ಸಂಗೀತ), ವಾಲ್ಟ್ಸ್, ಮಾರ್ಚ್. 1954ರಲ್ಲಿ ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿದ 'ಗೇಟೆ ಪಾರಿಸಿಯೆನ್' ಹಾಕಿ ನೋಡಿ, ಆಫೆನ್‌ಬಾಕ್‌ನ ರಾಗಗಳಿಂದ ಕಟ್ಟಿದ ಬ್ಯಾಲೆ ಸಂಗೀತ ಅದು. ಕ್ಯಾನ್‌ಕ್ಯಾನ್ ಕುಣಿತದ ಸಂಗೀತ ಬಂದಾಗ ಸುಮ್ನೆ ಕೂರೋಕೆ ಆಗಲ್ಲ!

ಲಂಡನ್ನಿನಲ್ಲಿ ಪ್ರತಿ ಬೇಸಿಗೆ ನಡೆಯುವ ಕಛೇರಿಗಳ ಸಾಲು ಪ್ರಾಮ್ಸ್, ಅದು ಬೇರೆ ಥರ. ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕಂಡಕ್ಟರ್ ಮಾಲ್ಕಮ್ ಸಾರ್ಜೆಂಟ್ ನಡೆಸುತ್ತಿದ್ದ ಕಾಲದಲ್ಲೂ ಅಗ್ಗದ ಟಿಕೆಟಿನವರು ನಿಂತೇ ಕೇಳುತ್ತಿದ್ದರು. ಆಗ ಶುಕ್ರವಾರ ಅಂದರೆ ಬೀಥೋವನ್, ಅದೂ ಪೂರ್ತಿ ಸಿಂಫನಿ. ಗಮ್ಮತ್ತು ಇರುವುದು ಕೊನೆಯ ರಾತ್ರಿ. ಪ್ರಾಮ್ಸ್‌ನ ಮೊದಲ ಕಂಡಕ್ಟರ್ ಹೆನ್ರಿ ವುಡ್ ಜೋಡಿಸಿದ ಸಮುದ್ರದ ಹಾಡುಗಳಲ್ಲಿ ಹಾರ್ನ್‌ಪೈಪ್ (ನಾವಿಕರ ಕುಣಿತದ ರಾಗ) ಬಂದಾಗ ವೇಗ ಏರುತ್ತಾ ಹೋಗುತ್ತದೆ, ಜನ ಕಾಲು ಕುಟ್ಟುತ್ತಾ ಆರ್ಕೆಸ್ಟ್ರಾವನ್ನೇ ಹಿಂದೆ ಹಾಕಲು ನೋಡುತ್ತಾರೆ. (ಇದೇ ಹಾಲ್‌ನಲ್ಲಿ 1950ರಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರೌಸ್‌ನ 'ಕೊನೆಯ ನಾಲ್ಕು ಹಾಡುಗಳು' ಮೊದಲ ಸಲ ಕೇಳಿಸಿದ್ದು ನಮ್ಮ ಜಯಚಾಮರಾಜೇಂದ್ರ ಒಡೆಯರ್ ನೆರವಿನಿಂದ. ಅದು ಪ್ರಾಮ್ಸ್ ಅಲ್ಲ, ಆದರೂ ಹೆಮ್ಮೆ ಆಗುತ್ತೆ ಅಲ್ವಾ?)

ಶಬ್ದ ಚೆನ್ನಾಗಿರಬೇಕು, ಮನೆಯಲ್ಲಿ ಮಕ್ಕಳೂ ಕೇಳಬೇಕು ಅಂದರೆ ಬಾಸ್ಟನ್. ಹಳೆಯ ರೇಡಿಯೋ ಧ್ವನಿ ಪರವಾಗಿಲ್ಲ, ಜನರ ಗದ್ದಲವೂ ಬೇಕು ಅಂದರೆ ಲಂಡನ್.