ಒಂದೇ ಮಾಡೆಲ್ಲಿನ ಡ್ರೈವ್, ಮೂರು ಬಗೆಯ ರಿಪೇರಿ

ನಮ್ಮದು ಗಂಗಾವತಿಯಲ್ಲಿ ಅಕ್ಕಿ ಗಿರಣಿ. ಹೋದ ಸುಗ್ಗಿಯಲ್ಲಿ, ಭತ್ತದ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿದ್ದಾಗಲೇ, ಪಾಲಿಶರ್ ಬ್ಲೋವರಿನ 11 ಕಿಲೋವ್ಯಾಟ್ ಡ್ರೈವ್, ಅಂದರೆ ಮೋಟರಿನ ವೇಗ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಕೈಕೊಟ್ಟಿತು. ಸ್ಟಾರ್ಟ್ ಒತ್ತಿದರೆ ಓವರ್ ಕರೆಂಟ್ ಟ್ರಿಪ್. ಪವರ್ ತೆಗೆದು ಹತ್ತು ನಿಮಿಷ ಕಾದು (415 ವೋಲ್ಟ್ ಲೈನಿದ್ದರೆ ಒಳಗಿನ ಡಿಸಿ ಬಸ್ಸಿನಲ್ಲಿ, ಅಂದರೆ ಕೆಪಾಸಿಟರುಗಳಿರುವ ಡಿಸಿ ಲೈನಿನಲ್ಲಿ, ಸುಮಾರು 585 ವೋಲ್ಟ್ ಕೂತಿರುತ್ತದೆ, ಅವಸರ ಮಾಡಬಾರದು) ಕವರ್ ಬಿಚ್ಚಿದೆ. ಡ್ರೈವನ್ನು ತಂಪಾಗಿಡುವ ಫ್ಯಾನಿನ ರೆಕ್ಕೆಗೆ ತೌಡು ಮೆತ್ತಿ ಗಟ್ಟಿಯಾಗಿತ್ತು. ಮೀಟರನ್ನು ಡಯೋಡ್ ಮೋಡಿಗೆ ಇಟ್ಟು, ಮೋಟರಿಗೆ ಹೋಗುವ ಮೂರು ಫೇಸುಗಳನ್ನು ನೋಡಿದರೆ ಯು, ವಿ ಸರಿ, ಡಬ್ಲ್ಯೂನಲ್ಲಿ ಸೊನ್ನೆ. ಐಜಿಬಿಟಿ, ಅಂದರೆ ಮೋಟರಿಗೆ ಕರೆಂಟ್ ಬಿಟ್ಟು ನಿಲ್ಲಿಸುವ ಪವರ್ ಟ್ರಾನ್ಸಿಸ್ಟರ್, ಶಾರ್ಟ್.

ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ನಮಗೆ ಹೊಸದಲ್ಲ. ಹಿಂದಿನ ವರ್ಷ ಧಾನ್ಯ ಮೇಲೆತ್ತುವ ಎಲಿವೇಟರಿನ ಇದೇ ಮಾಡೆಲ್ಲಿನ ಡ್ರೈವ್ ಅಲ್ಲಿಗೆ ಕೊಟ್ಟಿದ್ದೆವು. ಬಿಡಿಭಾಗ ಬಿಚ್ಚಿ ಹಾಕುವುದಿಲ್ಲ, ಪವರ್ ಬೋರ್ಡನ್ನೇ ಬದಲಿಸುತ್ತಾರೆ. 34,000 ರೂಪಾಯಿ, 24 ದಿನ. ವಾಪಸ್ ಬಂದಾಗ ನಾವು ಹಾಕಿದ್ದ ಪ್ಯಾರಾಮೀಟರುಗಳೆಲ್ಲ ಅಳಿಸಿ ಫ್ಯಾಕ್ಟರಿ ಸೆಟ್ಟಿಂಗಿಗೆ ಹೋಗಿದ್ದವು. ಬರೆದಿಟ್ಟುಕೊಳ್ಳದ್ದು ನಮ್ಮದೇ ತಪ್ಪು. ಡ್ರೈವ್ ಮಾತ್ರ ಇವತ್ತಿಗೂ ಓಡುತ್ತಿದೆ. ಆದರೆ ಸುಗ್ಗಿಯಲ್ಲಿ 24 ದಿನ ಎಲ್ಲಿಂದ ತರುವುದು?

ಹಾಗಾಗಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಪೀಣ್ಯಕ್ಕೆ ಕಳಿಸಿದೆ. ಪರಿಚಯದವರು ಹೇಳಿದ ಸಣ್ಣ ಅಂಗಡಿ. ನಾಲ್ಕೇ ದಿನ, 12,000. ಐಜಿಬಿಟಿ ಮಾಡ್ಯೂಲ್ ಬದಲಿಸಿ, ಒಂದು ಎಚ್‌ಪಿ ಮೋಟರನ್ನು ಖಾಲಿ ತಿರುಗಿಸಿದ ವಿಡಿಯೋ ವಾಟ್ಸಾಪಿಗೆ ಹಾಕಿದರು. ನನಗೂ ಅಷ್ಟೇ ಸಾಕೆನಿಸಿತು. ಹನ್ನೊಂದನೇ ದಿನ ಅದೇ ಡಬ್ಲ್ಯೂ ಫೇಸ್ ಢಮ್ ಎಂದಿತು. ಫೋನ್ ಮಾಡಿದರೆ, 'ನಿಮ್ಮ ಲೈನ್ ಸರಿಯಿಲ್ಲ ಸಾರ್.'

ಮೂರನೆಯದು ಹುಬ್ಬಳ್ಳಿಯ ಒಬ್ಬರು. ಡ್ರೈವ್ ನೋಡುವ ಮೊದಲೇ ಫೋನಿನಲ್ಲಿ ಕೇಳಿದರು: 'ಮೋಟರಿಗೆ ಮೆಗ್ಗರ್ ಹಾಕೀರೇನ್ರಿ? ಡ್ರೈವಿನ ವೈರ್ ಬಿಚ್ಚಿ ಹಾಕೀರೋ, ಹಂಗ ಹಾಕೀರೋ?' ಮೆಗ್ಗರ್ ಎಂದರೆ ಹೆಚ್ಚು ವೋಲ್ಟೇಜ್ ಕೊಟ್ಟು ಮೋಟರಿನ ಇನ್ಸುಲೇಷನ್ ಪರೀಕ್ಷಿಸುವ ಮೀಟರ್. ಈ ಪ್ರಶ್ನೆಗೇ ನನಗೆ ಅರ್ಧ ನಂಬಿಕೆ ಬಂತು. ಡ್ರೈವ್ ಜೋಡಿಸಿದ್ದಾಗಲೇ ಮೆಗ್ಗರ್ ಹಾಕಿ ಡ್ರೈವನ್ನೇ ಸುಟ್ಟುಕೊಂಡವರನ್ನು ಕಂಡಿದ್ದೇನೆ.

ಖುದ್ದು ತೆಗೆದುಕೊಂಡು ಹೋದೆ. ಐಜಿಬಿಟಿ ಸತ್ತದ್ದು ಪರಿಣಾಮವಷ್ಟೇ. ಅದಕ್ಕೆ ಗೇಟ್ ಸಿಗ್ನಲ್ (ಆನ್-ಆಫ್ ಆಗೆಂಬ ಸೂಚನೆ) ಕೊಡುವ ಆಪ್ಟೋಕಪ್ಲರ್ ಎಂಬ ಸಣ್ಣ ಚಿಪ್ ಡಬ್ಲ್ಯೂನಲ್ಲಿ ಸೊರಗಿತ್ತು. ಆಸಿಲೋಸ್ಕೋಪಿನಲ್ಲಿ ಮೂರೂ ಫೇಸ್ ಒಂದೊಂದಾಗಿ ತೋರಿಸಿದರು: ಎರಡರಲ್ಲಿ ಚೌಕಾಕಾರದ ಅಲೆ ನೆಟ್ಟಗೆ ಏರುತ್ತಿತ್ತು, ಮೂರನೆಯದರಲ್ಲಿ ಮುದುಕರು ಮೆಟ್ಟಿಲು ಹತ್ತಿದಂತೆ. ಆರೂ ಆಪ್ಟೋಕಪ್ಲರ್, ಬಸ್ ಕೆಪಾಸಿಟರ್, ಫ್ಯಾನ್ ಬದಲಾದವು. ಇಲೆಕ್ಟ್ರೋಲಿಟಿಕ್ ಕೆಪಾಸಿಟರಿಗೆ ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಮ್ಮ ಫ್ಯಾನ್ ಯಾವಾಗ ನಿಂತಿತ್ತೋ ದೇವರೇ ಬಲ್ಲ. ಎಲ್ಲಾದರೂ ಶಾರ್ಟ್ ಉಳಿದಿದ್ದರೆ ಕರೆಂಟ್ ನುಗ್ಗದಿರಲೆಂದು ಮೊದಲ ಸಲ ಬಲ್ಬುಗಳನ್ನು ಸೀರೀಸ್ ಇಟ್ಟು ಪವರ್ ಕೊಟ್ಟರು. ಆಮೇಲೆ 10 ಎಚ್‌ಪಿ ಮೋಟರಿಗೆ ಬ್ಲೋವರ್ ಕಟ್ಟಿ ಎರಡು ತಾಸು ಓಡಿಸಿ, ಮೂರೂ ಫೇಸಿಗೆ ಕ್ಲಾಂಪ್ ಮೀಟರ್ ಹಾಕಿ ನನ್ನಿಂದಲೇ ಓದಿಸಿದರು. 17,500 ರೂಪಾಯಿ, ಆರು ದಿನ.

ನಾನಂತೂ ಇನ್ನು ಮುಂದೆ ರೇಟ್ ಕೇಳುವ ಮೊದಲು 'ಲೋಡಿನ ಮೇಲೆ ಓಡಿಸಿ ತೋರಿಸ್ತೀರಾ?' ಎಂದು ಕೇಳುತ್ತೇನೆ. ಎರಡು-ಮೂರು ಎಚ್‌ಪಿಯ ಸಣ್ಣ ಡ್ರೈವಾದರೆ ಈ ಓಡಾಟವೇ ಬೇಡ, ಹೊಸದೇ ತನ್ನಿ. ವಾರಂಟಿ ಕಾಗದ, ಆಡಿಟ್ ಬೇಕಿರುವ ದೊಡ್ಡ ಫ್ಯಾಕ್ಟರಿಗೆ ಕಂಪನಿಯ ದಾರಿಯೇ ಸರಿ.

ಹೊರಡುವಾಗ ಹುಬ್ಬಳ್ಳಿಯವರು ಹಳೆ ಫ್ಯಾನನ್ನು ಕವರಿನಲ್ಲಿ ಹಾಕಿ ಕೈಗಿಟ್ಟರು. 'ನಿಮ್ಮ ತೌಡ ಐತ್ರಿ ಇದರಾಗ, ತಗೊಂಡ ಹೋಗ್ರಿ.'